ಸದ್ದಿಲ್ಲದ ಪಾಠಕ್ಕೆ ಬರೆದ ಸಾಲುಗಳು

ಭೂತ, ಶಕುನ, ಕನಸಿನಲ್ಲಿ ಬಂದು ಹೇಳಿ ಹೋದವರು, ಇಂಥ ಮಾತು ಯಾರಾದರೂ ತೆಗೆದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುವವನು ನಾನು. ಬರ್ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಹೊತ್ತು ಈ ದೇಶದ ಬದುಕು ಶುರು ಮಾಡಿದವನಿಗೆ ಮೊದಲು ಕಲಿಸಿದ ಪಾಠವೇ ಅದು: ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡು, ಆಮೇಲೆ ಮಾರುವವನ ಮಾತು ಕೇಳು. ಅಂದಿನಿಂದ ನಾನು ದೇವರನ್ನು ಬಿಟ್ಟು ಬೇರೆ ಏನನ್ನೂ ಬೆಳಕಿಗೆ ಹಿಡಿಯದೆ ನಂಬಿಲ್ಲ. ಈಗ ಬರೆಯುತ್ತಿರುವ ಸಂಗತಿಯನ್ನೂ ಹಾಗೆಯೇ ನೂರು ಸಲ ತಿರುಗಿಸಿ ಹಿಡಿದು ನೋಡಿದ್ದೇನೆ. ತೂತು ಕಾಣಿಸಿಲ್ಲ. ನಿಮಗೆ ಕಂಡರೆ ದಯವಿಟ್ಟು ತಿಳಿಸಿ, ನನಗೆ ನೆಮ್ಮದಿಯಾಗುತ್ತದೆ.

ಎರಡು ಸಾವಿರದ ಹದಿನೈದು-ಹದಿನಾರರ ಸುಮಾರಿನ ಮಾತು. ಆಗ ದುಬೈಯ ಕರಾಮದಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್ ಇತ್ತು. ವೀಸಾ ಅರ್ಜಿ, ಬಾಡಿಗೆ ಕರಾರು, ಲೇಬರ್ ಕಾರ್ಡಿನ ಕಾಗದ, ಇವನ್ನೆಲ್ಲ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿಕೊಡುವ ಅಂಗಡಿ. ಅಲ್ಲಿಗೆ ವೀಸಾ ಕೆಲಸಕ್ಕೆಂದು ತಾಯಿಯ ಜೊತೆ ಬರುತ್ತಿದ್ದ ಹುಡುಗಿ ಶಬಾನಾ. ಭಟ್ಕಳದ ಮನೆತನ, ಬೆಳೆದದ್ದೆಲ್ಲ ಅಲ್ ಕುಸೈಸಿನಲ್ಲಿ. ಹುಟ್ಟಿನಿಂದ ಕಿವಿ ಕೇಳಿಸದು. ಒಂದು ದಿನ ಅವಳು ಒಬ್ಬಳೇ ಬಂದು ಕೌಂಟರಿನ ಮೇಲೆ ತನ್ನ ಫೋನು ಇಟ್ಟಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: "ನಿಮ್ಮಲ್ಲಿ ಕೇಳಿಸಿಕೊಂಡು ತಪ್ಪಿಲ್ಲದೆ ಟೈಪು ಮಾಡುವವರು ಇದ್ದಾರೆಯೇ?"

ಕಥೆ ಹೀಗಿತ್ತು. ಅವಳು ಅಲ್ ಕುಸೈಸಿನ ಗೋದಾಮೊಂದರಲ್ಲಿ ಒಣಹಣ್ಣು, ಮಸಾಲೆ ಪ್ಯಾಕು ಮಾಡುವ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ಅಬುಧಾಬಿಯ ಒಂದು ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ನಡೆಸುತ್ತಿದ್ದ ಆಹಾರ ಸಂರಕ್ಷಣೆಯ ಕೋರ್ಸಿಗೆ ಸೇರಿದ್ದಳು. ಅದನ್ನು ಪಾಸು ಮಾಡಿದರೆ ಗುಣಮಟ್ಟ ಪರೀಕ್ಷೆಯ ಕೋಣೆಗೆ ಹಾಕುತ್ತೇನೆ ಎಂದು ಮಾಲೀಕ ಮಾತು ಕೊಟ್ಟಿದ್ದ. ಪಾಸಾಗದಿದ್ದರೆ ಪ್ಯಾಕಿಂಗ್ ಮೇಜೇ ಖಾಯಂ. ಆದರೆ ಪಾಠಗಳೆಲ್ಲ ವಿಡಿಯೊ, ವಿಡಿಯೊಗಳಿಗೆ ಕ್ಯಾಪ್ಷನ್ ಇಲ್ಲ, ಎಂದರೆ ಆಡಿದ ಮಾತು ಪರದೆಯ ಕೆಳಗೆ ಅಕ್ಷರವಾಗಿ ಬರುವುದಿಲ್ಲ. ಯಂತ್ರ ತಾನಾಗಿ ಬರೆಯುವ ಅಕ್ಷರಗಳು ಆ ಕಾಲಕ್ಕೆ ಬರೀ ಅಧ್ವಾನ. ಅವಳು ವಿಶ್ವವಿದ್ಯಾಲಯಕ್ಕೆ ಪತ್ರದ ಮೇಲೆ ಪತ್ರ ಬರೆದು ಜಗಳವಾಡಿದ್ದಳು. ಅವರು 'ಮಾಡುವ ಜನ ಇಲ್ಲ' ಎಂದರಂತೆ. 'ಜನ ನಾನು ತರುತ್ತೇನೆ, ದುಡ್ಡು ನೀವು ಕೊಡಿ' ಎಂದು ಇವಳು ಬರೆದು ಒಪ್ಪಿಸಿದಳಂತೆ. ಬಾಯಿ ತೆರೆಯದೆ ಇಷ್ಟು ಚೌಕಾಸಿ ಮಾಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೌಂಟರಿನ ಈಚೆ ನಿಂತಿದ್ದ ನನಗೇ ಅವಳ ಹತ್ತಿರ ಚೌಕಾಸಿಯ ಒಂದೆರಡು ಪಟ್ಟು ಕಲಿಯುವುದಿದೆ ಅನ್ನಿಸಿತು.

ನನ್ನಲ್ಲಿ ಅಂಥ ಕಿವಿ ಇದ್ದದ್ದು ಒಬ್ಬರದೇ. ಐರಿನ್‌ಬಾಯಿ, ಮಂಗಳೂರಿನ ಕಡೆಯವರು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ಕೇಳಿ ಟೈಪು ಮಾಡುವ ಕೆಲಸ ಬಹಳ ವರ್ಷ ಮಾಡಿ, ಅದು ಬಿಟ್ಟ ಮೇಲೆ ನನ್ನ ಅಂಗಡಿಗೆ ಬಂದಿದ್ದರು. ಸುಡಾನಿನವರ ಇಂಗ್ಲಿಷು, ಸಿರಿಯಾದವರ ಇಂಗ್ಲಿಷು, ಮಲಯಾಳಿಗಳ ಇಂಗ್ಲಿಷು, ಎಲ್ಲ ಅವರಿಗೆ ಮನೆಮಾತಿನಷ್ಟೇ ಸಲೀಸು. ಮೇಜಿನ ಕೆಳಗೆ ಕಾಲಿನಿಂದ ಒತ್ತುವ ಪೆಡಲ್ ಒಂದಿತ್ತು. ಒತ್ತಿದರೆ ವಿಡಿಯೊ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಅವರ ಕಾಲೂ ಕೈಯೂ ಸೇರಿ ನಡೆಯುತ್ತಿದ್ದುದನ್ನು ನೋಡಿದರೆ ಹಾರ್ಮೋನಿಯಂ ನುಡಿಸುವವರ ನೆನಪಾಗುತ್ತಿತ್ತು.

ಈ ಕೆಲಸ ಹಿಡಿಯುವವರಿಗೆ ಒಂದು ಮಾತು. ಒಪ್ಪಿಕೊಳ್ಳುವ ಮೊದಲು ಕೆಲಸ ಕೊಡುವವರ ಅತಿ ಕೆಟ್ಟ ವಿಡಿಯೊ ಕೇಳಿ ತರಿಸಿಕೊಳ್ಳಿ. ಒಳ್ಳೆಯದನ್ನು ತೋರಿಸಿ ದರ ಕುದುರಿಸುತ್ತಾರೆ. ಕೇಳಿದ ಮಾತನ್ನಷ್ಟೇ ಬರೆದರೆ ಸಾಲದು, ಬಾಗಿಲು ಬಡಿದ ಸದ್ದು, ಕೆಮ್ಮು, ನಗು, ಇವನ್ನೂ ಕಂಸದಲ್ಲಿ ಬರೆಯಬೇಕು. ನಮ್ಮಲ್ಲಿ ಇನ್ನೆರಡು ಕಟ್ಟಳೆ ಇದ್ದವು. ಕಷ್ಟದ ಪಾಠಕ್ಕೆ ನಾಲ್ಕು ಕಿವಿ: ಒಂದೇ ಕಂಪ್ಯೂಟರಿಗೆ ಎರಡು ಹೆಡ್‌ಫೋನು ಸಿಕ್ಕಿಸಿ ಐರಿನ್‌ಬಾಯಿಯೂ ನಾನೂ ಜೊತೆಗೆ ಕೂತು ಕೇಳುವುದು. ಎಲ್ಲ ಮುಗಿದ ಮೇಲೆ ಮೂಕ ಪರೀಕ್ಷೆ: ನಾನು ಸದ್ದನ್ನು ಪೂರ್ತಿ ಬಂದ್ ಮಾಡಿ, ಬರೀ ಅಕ್ಷರ ಓದುತ್ತ ಪಾಠ ನೋಡುವುದು. ಶಬಾನಾ ನೋಡುವ ಹಾಗೆ ನೋಡಿದರೇನೆ ಕೆಲಸ ನೆಟ್ಟಗಾಗಿದೆಯೋ ಇಲ್ಲವೋ ತಿಳಿಯುತ್ತದೆ. ಆ ಕಟ್ಟಳೆಯ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಪಾಠ ಮಾಡುತ್ತಿದ್ದವರು ಪ್ರೊಫೆಸರ್ ಇದ್ರಿಸ್, ಸುಡಾನಿನವರು. ಬಿಳಿ ಗಡ್ಡ, ದೊಡ್ಡ ಕೈಗಳು. ಖರ್ಜೂರವನ್ನೋ ಮೀನನ್ನೋ ಕೈಯಲ್ಲಿ ಹಿಡಿದು ಮಾತಾಡತೊಡಗಿದರೆ ನಮ್ಮಂಥವರೂ ವಿದ್ಯಾರ್ಥಿಗಳಾಗಿಬಿಡುತ್ತಿದ್ದೆವು. ಬರೆದುಕೊಂಡು ಬಂದು ಓದುವ ಅಭ್ಯಾಸವಿಲ್ಲ; ನಿಂತಲ್ಲಿ ನಿಂತು ಹೇಳುವುದೇ. ಪಾಠಗಳೆಲ್ಲ ರೆಕಾರ್ಡಾದ ಮೇಲೆ ಅವರ ಗಂಟಲಿನಲ್ಲಿ ಗಡ್ಡೆ ಸಿಕ್ಕಿತು. ಶಸ್ತ್ರಚಿಕಿತ್ಸೆ ಆಯಿತು, ಜೀವ ಉಳಿಯಿತು, ಧ್ವನಿ ಹೋಯಿತು. ನಾವು ಕ್ಯಾಪ್ಷನ್ ಮಾಡುತ್ತಿದ್ದ ಹೊತ್ತಿಗೆ ಅವರ ಮಾತು ಉಳಿದಿದ್ದದ್ದು ಆ ವಿಡಿಯೊಗಳಲ್ಲಿ ಮಾತ್ರ. ಆ ಸೆಮಿಸ್ಟರಿನ ಕೊನೆಗೆ ಅವರು ಊರಿಗೆ ಹೊರಟುಹೋಗುವವರಿದ್ದರು. ಕೋರ್ಸು ಅಲ್ಲಿಗೆ ಖಲಾಸ್. ಶಬಾನಾಗೆ ಇನ್ನೊಂದು ಅವಕಾಶ ಇರಲಿಲ್ಲ.

ಆ ದಿನ ಜನವರಿಯ ಶುಕ್ರವಾರ. ಹೊರಗೆ ಮಂಜು ಎಷ್ಟಿತ್ತೆಂದರೆ ಎದುರಿನ ಉಡುಪಿ ಹೋಟೆಲಿನ ಬೋರ್ಡು ಕಾಣಿಸುತ್ತಿರಲಿಲ್ಲ. ಆಗ ಈ ದೇಶದಲ್ಲಿ ವಾರದ ರಜೆ ಶುಕ್ರವಾರವೇ, ಚರ್ಚಿನ ಪೂಜೆಯೂ ಅಂದೇ; ಅಂಗಡಿಗೂ ರಜೆ. ಮಾಡಬೇಕಾದ ಕೊನೆಯ ಪಾಠ, ತರಕಾರಿ ಒಣಗಿಸುವುದು, ಅದೊಂದು ಬಾಕಿ ಇತ್ತು. ಐರಿನ್‌ಬಾಯಿ ಶಾಲು ಹೊದ್ದು ಬಂದರು.

"ಏನ್ ಬಾಯೀ, ಶುಕ್ರವಾರ ಚರ್ಚಿಗೆ ಚಕ್ಕರ್ ಹೊಡದ್ರೇನು?" ಎಂದೆ.

"ಚಕ್ಕರ್ ಎಂತಕ್ಕೆ? ಸಂಜೆ ಪೂಜೆ ಉಂಟು. ದೇವರ ಹತ್ರ ಚೌಕಾಸಿ ಮಾಡ್ಲಿಕ್ಕೆ ನಾನೇನು ನೀವಾ? ಮೊದಲು ಚಾ ಹೇಳಿ ಸಾಹುಕಾರ್ರೆ, ಕೈ ಮರಗಟ್ಟಿದೆ."

ಚಹಾ ಬಂತು, ಇಬ್ಬರೂ ಹೆಡ್‌ಫೋನು ಹಾಕಿಕೊಂಡೆವು. ಪಾಠದ ನಡುವೆ ಒಂದು ಭಾಗ. ಪ್ರೊಫೆಸರ್ ಮೇಜಿನ ಕೆಳಗಿನಿಂದ ಒಂದು ಅಗಲ ಬುಟ್ಟಿ ತೆಗೆಯುತ್ತಾರೆ, ಅದರಲ್ಲಿ ಬೆಂಡೆಕಾಯಿಯ ಒಣಗಿದ ಬಿಲ್ಲೆಗಳು. ಕ್ಯಾಮೆರಾಕ್ಕೆ ಬಹುಮಟ್ಟಿಗೆ ಬೆನ್ನು ಮಾಡಿ, ಬಗ್ಗಿ, ಬುಟ್ಟಿಯನ್ನು ಅಲ್ಲಾಡಿಸುತ್ತಾರೆ. ತಮ್ಮ ಅಜ್ಜಿ ಬಣ್ಣ ನೋಡುತ್ತಿರಲಿಲ್ಲ, ಮುರಿದು ನೋಡುತ್ತಿರಲಿಲ್ಲ, ಬುಟ್ಟಿ ಅಲ್ಲಾಡಿಸಿ ಕಿವಿಗೊಡುತ್ತಿದ್ದರು ಎನ್ನುತ್ತಾರೆ. ಕಲ್ಲಿನ ಹಾಗೆ ಸದ್ದು ಬಂದರೆ ಮಡಕೆಗೆ, ಬಟ್ಟೆಯ ಹಾಗೆ ಬಂದರೆ ಮತ್ತೆ ಬಿಸಿಲಿಗೆ. ಒಂದು ಸಲ ಅವಸರದಲ್ಲಿ ಮಡಕೆಗೆ ತುಂಬಿದ ಅತ್ತೆಯೊಬ್ಬರಿಗೆ ಬೂಸಲು ಬಂದ ಬೆಂಡೆಕಾಯಿಯ ಹೆಸರೇ ಅಡ್ಡಹೆಸರಾಗಿ ಉಳಿಯಿತು ಎಂದು ನಗುತ್ತಾರೆ.

ನಾನು ಹೆಡ್‌ಫೋನು ಸರಿಸಿ, "ನಮ್ಮವ್ವನೂ ಹಿಂಗ ಮಾಡತಿದ್ಲು ಬಾಯೀ. ಬಾಳಕದ ಮೆಣಸಿನಕಾಯಿ ಮೊರದಾಗ ಹಾಕಿ ಅಳ್ಳಾಡಿಸಿ ಕೇಳತಿದ್ಲು," ಎಂದೆ.

"ನಿಮ್ಮ ಅವ್ವನ ಕಥೆ ಆಮೇಲೆ. ಈ ಬುಟ್ಟಿಯ ಸದ್ದು ಎಂತ ಬರೆಯುವುದು? ಹರಳಿನ ಹಾಗೆ ಅಲ್ವಾ?"

"ಹೌದ್ರೀ. ಸಣ್ಣ ಹರಳು ಅಂತ ಬರೀರಿ."

ಅವರು ಕಂಸದಲ್ಲಿ ಹಾಗೆಯೇ ಬರೆದರು. ಆ ಭಾಗದ ಕೊನೆಗೆ ಇನ್ನೊಂದು ವಾಕ್ಯ ಬಂತು: 'ಕಿವಿ ಕೇಳಿಸದವರು ಬುಟ್ಟಿಯ ತಳಕ್ಕೆ ಅಂಗೈ ಹಿಡಿಯಿರಿ, ಒಣಗಿದ್ದು ತಟ್ಟುತ್ತದೆ, ಹಸಿ ಉಳಿದದ್ದು ಜಾರುತ್ತದೆ.' ಐರಿನ್‌ಬಾಯಿ ಪೆಡಲಿನಿಂದ ಕಾಲು ತೆಗೆದರು.

"ಅಯ್ಯೋ ದೇವರೇ, ಇದು ನಮ್ಮ ಹುಡುಗಿಗೇ ಹೇಳಿದ ಹಾಗೆ ಉಂಟಲ್ಲ!"

ಹಿಂದಕ್ಕೆ ಒತ್ತಿ ಮತ್ತೊಮ್ಮೆ ಕೇಳಿದೆವು, ಇಬ್ಬರೂ. ಅದೇ ಧ್ವನಿ, ಅದೇ ವಾಕ್ಯ. ಟೈಪು ಮಾಡುವಾಗ ನಮ್ಮ ಕಣ್ಣು ಯಾವಾಗಲೂ ಅಕ್ಷರದ ಮೇಲೆ, ಚಿತ್ರದ ಮೇಲಲ್ಲ, ಇದನ್ನು ನೆನಪಿಡಿ. ಮಧ್ಯಾಹ್ನ ನಾನು ಸದ್ದು ಬಂದ್ ಮಾಡಿ, ಅಕ್ಷರಗಳನ್ನೇ ಓದುತ್ತ ಮೂಕ ಪರೀಕ್ಷೆ ಮುಗಿಸಿದೆ. ಒಂದೂ ಕೊರತೆ ಕಾಣಲಿಲ್ಲ. ಕಳಿಸಿದೆವು.

ಮುಂದಿನ ವಾರ ವಿಶ್ವವಿದ್ಯಾಲಯದ ಮೇಡಂ ಫೋನು ಮಾಡಿದರು. ನಮ್ಮ ಕೆಲಸವನ್ನು ತೆಗೆದುಕೊಳ್ಳುತ್ತಿದ್ದವರು ಅವರೇ; ಕಟ್ಟುನಿಟ್ಟು, ಆದರೆ ನ್ಯಾಯದ ಹೆಂಗಸು. ಅವರ ಧ್ವನಿ ತಣ್ಣಗಿತ್ತು. ತರಕಾರಿ ಪಾಠದ ಆ ಬುಟ್ಟಿಯ ಭಾಗದಲ್ಲಿ ಸದ್ದೇ ಇಲ್ಲ, ರೆಕಾರ್ಡಿಂಗಿನ ದಿನ ಮೈಕು ಕೈಕೊಟ್ಟಿದೆ, ಅದು ತಮಗೂ ಈಗಷ್ಟೇ ಗೊತ್ತಾಯಿತು. ಹಾಗಿದ್ದ ಮೇಲೆ ನೀವು ಅಲ್ಲಿ ಬರೆದದ್ದು ಎಲ್ಲಿಂದ ಬಂತು ಎಂದು ಕೇಳಿದರು. ನಾನು ನಕ್ಕೆ. ನಿಮ್ಮ ಸ್ಪೀಕರು ನೋಡಿಸಿ ಎಂದೆ. ಅವರು ನಗಲಿಲ್ಲ. ಕಟ್ಟಿ ಬರೆದದ್ದಾದರೆ ಪಾಠವನ್ನೇ ತೆಗೆಯಬೇಕಾಗುತ್ತದೆ. ಕ್ಯಾಪ್ಷನ್ ಇಲ್ಲದ ಪಾಠದ ಮೇಲೆ ಶಬಾನಾಳನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಆ ಪಾಠ ಬಿಟ್ಟರೆ ಪರೀಕ್ಷೆ ಪೂರ್ತಿಯಾಗುವಂತಿಲ್ಲ ಎಂದರು.

ಫೋನಿಟ್ಟು ನಮ್ಮ ಕಂಪ್ಯೂಟರಿನಲ್ಲೇ ಇದ್ದ ವಿಡಿಯೊ ಹಾಕಿದೆ. ಮೊದಲು ಮಾತು ಚೆನ್ನಾಗಿ ಕೇಳಿಸಿತು. ಬುಟ್ಟಿ ಬಂದೊಡನೆ ಧ್ವನಿ ನಿಂತಿತು. ಬುಟ್ಟಿ ಅಲ್ಲಾಡುತ್ತಿದೆ, ಭುಜ ಕುಣಿಯುತ್ತಿದೆ, ಸದ್ದು ಮಾತ್ರ ಇಲ್ಲಿಯವರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. ಬುಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತಾದ ಮೇಲೆ ಮಾತು ಮತ್ತೆ ಶುರು.

"ನಿಮ್ಮ ಹೆಡ್‌ಫೋನ್ ಹೋಗಿರ್ಬೇಕು, ಕೊಡಿ ಇಲ್ಲಿ," ಎಂದು ಐರಿನ್‌ಬಾಯಿ ತಮ್ಮದನ್ನು ಸಿಕ್ಕಿಸಿದರು. ಪೆಡಲ್ ಒತ್ತಿದರು, ಹಿಂದಕ್ಕೆ ಹೋದರು, ಮತ್ತೆ ಒತ್ತಿದರು. ಆಮೇಲೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಸಾಹುಕಾರ್ರೆ, ನಾವು ಕೇಳಿದ್ದು ಹೌದಲ್ವಾ?"

"ಹೌದು ಬಾಯೀ."

"ಇಬ್ರೂ?"

"ಇಬ್ರೂ."

ಮಾಡಬೇಕಾದದ್ದೆಲ್ಲ ಮಾಡಿದೆ. ಕರಾಮದಲ್ಲಿ ನನಗೆ ಗೊತ್ತಿದ್ದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಇಳಿಸಿಕೊಂಡ ದಿನದಿಂದ ಆ ಫೈಲನ್ನು ಯಾರೂ ಬದಲಿಸಿಲ್ಲ, ಆ ಜಾಗದಲ್ಲಿ ಸದ್ದು ಅಳಿಸಿಯೂ ಇಲ್ಲ, ಮೊದಲಿನಿಂದಲೇ ಇಲ್ಲ ಎಂದ. ಬೇರೆ ಯಾವುದೋ ವಿಡಿಯೊ ಕೇಳಿ ಗೊಂದಲ ಮಾಡಿಕೊಂಡೆವೇ ಎಂದು ಎಲ್ಲ ಪಾಠ ಹುಡುಕಿದೆ. ಬುಟ್ಟಿಯ ಮಾತು ಇನ್ನೆಲ್ಲೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ, ಹೇಳಿದವರನ್ನೇ ಕೇಳುವುದು. ಮೇಡಂ ಒಪ್ಪಿದರು. ವಿಷಯ ತಿಳಿದ ಶಬಾನಾ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೂವರೂ ಅಬುಧಾಬಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ಅವಳು ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ನಿಜ ಹೇಳಿ ಅಂಕಲ್. ನೀವೇ ಬರೆದದ್ದಾ?"

"ಕೇಳಿದ್ದನ್ನೇ ಬರೆದದ್ದು," ಎಂದು ಬರೆದು ತೋರಿಸಿದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ತುಟಿ ಓದಿ ಬದುಕುವವರ ನೋಟ ಬೇರೆಯೇ ಇರುತ್ತದೆ, ಅದರ ಮುಂದೆ ಸುಳ್ಳು ಹೇಳುವುದು ಕಷ್ಟ. ಆಮೇಲೆ ಬರೆದಳು: "ಸರಿ. ನಾನು ಯಾವತ್ತಿದ್ದರೂ ಕೇಳದೇ ಇರುವುದನ್ನು ನಂಬಿಯೇ ಓದುವವಳು."

ಪ್ರೊಫೆಸರ್ ಕೋಣೆಯಲ್ಲಿ ಅರ್ಧ ಸಾಮಾನು ಡಬ್ಬಿಗಳಲ್ಲಿ ತುಂಬಿತ್ತು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದರು. ಮುಂದೆ ಒಂದು ಸಣ್ಣ ಬಿಳಿ ಹಲಗೆ, ಪೆನ್ನು. ಮೇಡಂ ನಮ್ಮ ಸಾಲುಗಳ ಮುದ್ರಿತ ಹಾಳೆಯನ್ನು ಅವರ ಕೈಗಿತ್ತರು. ಅವರು ಓದುತ್ತ ಹೋದರು, ಸಾಲು ಸಾಲಿಗೂ ತಲೆಯಾಡಿಸುತ್ತ. ಅತ್ತೆಯ ಅಡ್ಡಹೆಸರು ಬಂದಲ್ಲಿ ಭುಜ ಕುಲುಕಿಸಿ ನಕ್ಕರು, ಸದ್ದಿಲ್ಲದೆ. ಐರಿನ್‌ಬಾಯಿ ನನ್ನ ತೋಳು ಹಿಡಿದುಕೊಂಡಿದ್ದರು. ಕೊನೆಯ ಆ ಅಂಗೈಯ ಸಾಲಿಗೆ ಬಂದಾಗ ಪ್ರೊಫೆಸರ್ ತಲೆಯಾಡಿಸುವುದು ನಿಂತಿತು. ಎರಡು ಸಲ ಓದಿದರು. ಹಲಗೆಯ ಮೇಲೆ ಬರೆದರು:

"ಇದನ್ನು ನಾನು ಹೇಳಲಿಲ್ಲ."

ಮೇಡಂ ನಮ್ಮ ಕಡೆ ನೋಡಿದರು. ಶಬಾನಾ ನೋಡುತ್ತಿದ್ದದ್ದು ಹಲಗೆಯನ್ನು. ಅವಳ ಮುಖ ಇಳಿದುಹೋಯಿತು. ಅಷ್ಟರಲ್ಲಿ ಪ್ರೊಫೆಸರ್ ಅಂಗೈಯಿಂದ ಒರೆಸಿ ಮತ್ತೆ ಬರೆದರು: "ಹೇಳಬೇಕೆಂದಿದ್ದೆ."

ಆಮೇಲೆ ಬರೆದು, ಒರೆಸಿ, ಮತ್ತೆ ಬರೆದು ಅವರು ತಿಳಿಸಿದ್ದು ಇಷ್ಟು. ಅವರಿಗೊಬ್ಬ ತಂಗಿ ಇದ್ದಳು, ಕಿವಿ ಕೇಳಿಸದವಳು, ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅಜ್ಜಿ ಅವಳ ಅಂಗೈಯನ್ನು ಬುಟ್ಟಿಯ ತಳಕ್ಕೆ ಹಿಡಿಸಿ ಆ ವಿದ್ಯೆ ಕಲಿಸಿದ್ದರು. ಪಾಠ ಮಾಡುತ್ತಿದ್ದಾಗ ಅದು ನೆನಪಾಯಿತು, ವಾಕ್ಯ ಬಾಯಿಯವರೆಗೆ ಬಂತು, ನುಂಗಿಕೊಂಡರು. ತಂಗಿಯ ಮಾತನ್ನು ಈ ದೇಶದಲ್ಲಿ ಯಾರಿಗೂ ಹೇಳಿದವರಲ್ಲ. ಆ ದಿನ ತಮ್ಮ ಕೋರ್ಸಿನಲ್ಲಿ ಶಬಾನಾ ಎಂಬ ಹುಡುಗಿ ಇರುವುದೂ ಅವರಿಗೆ ಗೊತ್ತಿರಲಿಲ್ಲ.

ಮೇಡಂ ಮೆಲ್ಲಗೆ ನಿಯಮ ಹೇಳಿದರು. ಕ್ಯಾಪ್ಷನ್ ಎಂದರೆ ಆಡಿದ ಮಾತು; ಆಡದ ಮಾತು ಸೇರಿಸುವಂತಿಲ್ಲ; ಉಳಿದದ್ದು ಇರಲಿ, ಆ ಸಾಲು ತೆಗೆಯಬೇಕು. ಅಂಥ ಹೊತ್ತಿನಲ್ಲೂ ನನ್ನ ವ್ಯಾಪಾರದ ಬುದ್ಧಿ ಬಿಡಲಿಲ್ಲ. ವಾದ ಗೆಲ್ಲಬೇಕಾದರೆ ಎದುರಿನವರ ನಿಯಮ ಮುರಿಯಲು ಹೋಗಬೇಡಿ, ಆ ನಿಯಮದೊಳಗೇ ಕೂರಲು ಜಾಗ ಹುಡುಕಿ. ನಾನು ಹೇಳಿದೆ: "ಮೇಡಂ, ಪಾಠ ಇವರದು. ತಮ್ಮ ಪಾಠಕ್ಕೆ ಒಂದು ಮಾತು ಸೇರಿಸುವ ಹಕ್ಕು ಮೇಷ್ಟ್ರಿಗೆ ಇದೆಯೋ ಇಲ್ಲವೋ? ಈಗ ಅವರು ಮಾತಾಡುವುದೇ ಬರೆದು. ಅವರನ್ನೇ ಕೇಳಿ."

ಮೇಡಂ ಕೇಳಬೇಕಾಗಲಿಲ್ಲ. ಪ್ರೊಫೆಸರ್ ಆಗಲೇ ಹಲಗೆ ಎತ್ತಿ ಹಿಡಿದಿದ್ದರು. "ಈಗ ಹೇಳಿದ್ದೇನೆ. ಇರಲಿ."

ಆಮೇಲೆ ಅವರು ಶಬಾನಾಳ ಕಡೆ ತಿರುಗಿ ಒಂದು ಡಬ್ಬಿಯ ಮುಚ್ಚಳಕ್ಕೆ ಮೇಜಿನ ಮೇಲಿದ್ದ ಕಡಲೆ ಸುರಿದು ಅಲ್ಲಾಡಿಸಿದರು. ಯಾರೂ ಹೇಳದೆಯೇ ಅವಳು ಅಂಗೈ ಕೆಳಗೆ ಹಿಡಿದಳು. ಅವರು ಕಡಲೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಹಾಗೇ ಬಿಟ್ಟು, ಮತ್ತೆ ಅಲ್ಲಾಡಿಸಿದರು. ಅವಳು ತಲೆಯಾಡಿಸಿದಳು. ಹುಬ್ಬು, ಬೆರಳು, ನಗು, ಇಷ್ಟರಲ್ಲೇ ಅವರಿಬ್ಬರ ನಡುವೆ ಒಂದು ಪೂರ್ತಿ ಪಾಠ ನಡೆದುಹೋಯಿತು. ನಾನು ಬಹಳ ದೊಡ್ಡ ಮಾತುಗಾರರನ್ನು ನೋಡಿದ್ದೇನೆ. ಅಂಥ ಮಾತುಕತೆ ಇನ್ನೊಂದು ನೋಡಿಲ್ಲ.

ಪರೀಕ್ಷೆಯಲ್ಲಿ ತಟ್ಟೆಗಳನ್ನಿಟ್ಟು, ಯಾವುದು ಒಣಗಿದೆ ಯಾವುದು ಇಲ್ಲ ಎಂದು ಮೊದಲು ಕೈಯಿಂದ ಅಂದಾಜು ಮಾಡಿ, ಆಮೇಲೆ ಯಂತ್ರದಿಂದ ಅಳೆಯಿರಿ ಎಂದರಂತೆ. ಶಬಾನಾಳ ಅಂದಾಜು ಎಲ್ಲೂ ತಪ್ಪಲಿಲ್ಲ. ಪಾಸಾದಳು, ಮಾಲೀಕ ಮಾತಿಗೆ ತಪ್ಪಲಿಲ್ಲ, ಬಿಳಿ ಕೋಟು ಹಾಕಿಕೊಂಡ ಫೋಟೊ ಕಳಿಸಿದಳು. ಐರಿನ್‌ಬಾಯಿ ಅದನ್ನು ನೋಡಿ ಅತ್ತದ್ದು ಅತ್ತದ್ದೇ.

ನಾವು ಕೇಳಿದ್ದು ಏನು? ಪ್ರೊಫೆಸರ್ ಆಡಿದ ಮಾತು ಮೈಕಿಗೆ ಸಿಗದೆಯೂ ಹೇಗೋ ಉಳಿದುಕೊಂಡಿತ್ತು ಎಂದು ಹೇಗಾದರೂ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಆಡದ ಮಾತಿಗೆ ಏನು ಹೇಳಲಿ? ಐರಿನ್‌ಬಾಯಿಯನ್ನು ಕೇಳಿದರೆ, "ದೇವರು ಕೇಳಿಸಿದ್ದನ್ನು ಕೇಳಿದ್ದು, ಅದಕ್ಕೆ ಎಂತ ಲೆಕ್ಕಾಚಾರ ಮಾರಾಯ್ರೆ," ಎನ್ನುತ್ತಾರೆ. ನನಗೆ ಅಷ್ಟು ಸುಲಭಕ್ಕೆ ಬಿಡಲು ಬರುವುದಿಲ್ಲ. ಆದರೆ ಬದಲಿಗೆ ಇಡಲು ನನ್ನ ಹತ್ತಿರ ಬೇರೆ ಸರಕೂ ಇಲ್ಲ.

ಆ ವಿಡಿಯೊವನ್ನು ನಾನು ಆಮೇಲೆ ಒಮ್ಮೆ ಚಿತ್ರದ ಮೇಲೇ ಕಣ್ಣಿಟ್ಟು ನೋಡಿದೆ. ಪ್ರೊಫೆಸರ್ ಬುಟ್ಟಿ ಕೆಳಗಿಟ್ಟು ಕ್ಯಾಮೆರಾದ ಕಡೆ ತಿರುಗುತ್ತಾರೆ. ಅವರ ತುಟಿ ಬಿಗಿಯಾಗಿ ಮುಚ್ಚಿದೆ, ಕಣ್ಣು ಎಲ್ಲೋ ದೂರದಲ್ಲಿದೆ. ಕೆಳಗೆ ಆ ಸಾಲು ಓಡುತ್ತದೆ. ಅದು ಮುಗಿಯುವವರೆಗೂ ಅವರು ಬಾಯಿ ತೆರೆಯುವುದಿಲ್ಲ. ನಾನು ಅದನ್ನು ಎರಡು ಸಲ ಕೇಳಿದ್ದೇನೆ, ಅವರ ಧ್ವನಿಯಲ್ಲೇ.